ಒಂದೇ ತಿಂಗಳಲ್ಲಿ ಮೂರು ಸಲ ಹುಟ್ಟಿದ ಅತ್ತೆ

"ಎಂಟೇ ಎಂಟು ದಿನ! ಎಂಟು ದಿನದೊಳಗೆ ಅತ್ತೆಯವರ ಹುಟ್ಟಿದ ತಾರೀಖು ಹುಡುಕಿ ತರಲಿಲ್ಲ ಅಂದ್ರೆ ನನ್ನನ್ನ ತಾರೀಖಪ್ಪ ಅಂತ ಕರೀಲೇಬೇಡಿ!"

ಹೀಗೆಂದು ಊಟದ ಮೇಜು ಗುದ್ದಿದ ರಭಸಕ್ಕೆ ನೀರಿನ ಲೋಟ ಉರುಳಿ, ಮಗಳು ಬಣ್ಣದ ಪೆನ್ಸಿಲ್ ಹಿಡಿದು ಬರೆಯುತ್ತಿದ್ದ ಚಾರ್ಟಿನ ಮೇಲೆ ಪ್ರವಾಹವೇ ಬಂತು.

"ಹಾಗೆ ಕರೆಯೋದು ನಾವಲ್ಲ ರೀ, ನಿಮ್ಮ ಆಫೀಸಿನೋರು" ಎಂದು ಹೆಂಡತಿ ಬಟ್ಟೆ ತಂದು ಒರೆಸಿದಳು. "ನಾವು ಮನೇಲಿ ಏನೂ ಕರೆಯಲ್ಲ. ಕರೆದ್ರೂ ನೀವು ಬರಲ್ವಲ್ಲ!"

ತಾರೀಖಪ್ಪ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಊರಿನ ಹಳೇ ದಿನಪತ್ರಿಕೆಯಲ್ಲಿ ಉಪಸಂಪಾದಕನಾಗಿರುವ ಈತ ಹತ್ತೊಂಬತ್ತು ವರ್ಷದಿಂದ ಎರಡನೇ ಪುಟದ ಎಡಮೂಲೆಯಲ್ಲಿ 'ಇತಿಹಾಸದಲ್ಲಿ ಈ ದಿನ' ಅನ್ನುವ ಬಾಕ್ಸು ತುಂಬಿಸುತ್ತ ಬಂದಿದ್ದಾನೆ. ಆ ಬಾಕ್ಸಿನ ವೈಭವ ನೋಡಬೇಕು! ಒಂದೇ ತಾರೀಖಿನಲ್ಲಿ ಒಬ್ಬ ರಾಜ ಸಿಂಹಾಸನ ಏರುತ್ತಾನೆ, ಇನ್ನೊಬ್ಬ ಇಳಿಯುತ್ತಾನೆ. ಒಬ್ಬ ವಿಜ್ಞಾನಿ ಕಾಯಿಲೆಗೆ ಮದ್ದು ಕಂಡುಹಿಡಿಯುತ್ತಾನೆ, ಅವನ ಪಕ್ಕದ ಸಾಲಿನಲ್ಲೇ ಇನ್ನೊಬ್ಬ ಫಿರಂಗಿಗೆ ಮದ್ದು ಕಂಡುಹಿಡಿಯುತ್ತಾನೆ. ಮುನ್ನೂರು ವರ್ಷ ಆಚೀಚೆ ಬದುಕಿದವರು, ಎದುರಾಬದುರಾ ಸಿಕ್ಕಿದ್ದರೆ ಕತ್ತಿ ಹಿರಿಯುತ್ತಿದ್ದವರು, ಬೆಳಿಗ್ಗೆ ಕಾಫಿ ಹೊತ್ತಿಗೆ ತಾರೀಖಪ್ಪನ ಬಾಕ್ಸಿನಲ್ಲಿ ಒಂದೇ ಬೆಂಚಿನ ಮೇಲೆ ಒತ್ತಿಕೊಂಡು ಕೂತಿರುತ್ತಾರೆ! ಈ ಅಂಕಣಕ್ಕೆ ತಿಂಗಳು, ದಿನ ಎರಡೇ ಮುಖ್ಯ. ಇಸವಿ ಬಾಲದ ಹಾಗೆ ಹಿಂದೆ ಬಂದರೆ ಸಾಕು.

ಹೆಂಡತಿಯ ಹೊಟ್ಟೆಪಾಡೂ ತಾರೀಖಿನದೇ. ಅಂಚೆ ಕಚೇರಿಯಲ್ಲಿ ಲಕೋಟೆಗಳ ಮೇಲೆ ಠಸ್ಸೆ ಒತ್ತುವವಳು. "ನಾನು ಇವತ್ತಿನ ತಾರೀಖು ಒತ್ತಿ ಒತ್ತಿ ರಟ್ಟೆ ಬಿದ್ದು ಬರ್ತೀನಿ, ಇವರು ಎಂದೋ ಸತ್ತ ತಾರೀಖುಗಳನ್ನ ಎಬ್ಬಿಸಿಕೊಂಡು ಬರ್ತಾರೆ" ಎನ್ನುವುದು ಅವಳ ಮಾಮೂಲಿ ಮಾತು.

ಈಗ ಈ ಶಪಥ ಯಾಕೆ ಹುಟ್ಟಿತು ಅಂದರೆ, ಮಗಳ ಚಾರ್ಟಿನಿಂದ. ಹತ್ತು ತುಂಬಿದ ಖುಷಿಗೆ ಅವಳು ಮನೆಯವರೆಲ್ಲರ ಹುಟ್ಟುಹಬ್ಬದ ಪಟ್ಟಿ ಬರೆಯುತ್ತಿದ್ದಳು. ಅಪ್ಪನದಾಯಿತು, ಅಮ್ಮನದಾಯಿತು, ಕೊನೆಗೆ ಪಕ್ಕದ ಮನೆ ಬೆಕ್ಕಿನದೂ ಆಯಿತು. ಅಜ್ಜಿಯ ಚೌಕ ಮಾತ್ರ ಖಾಲಿ.

"ಅಜ್ಜೀ, ನಿಂದು ಯಾವತ್ತು?"

ಅಜ್ಜಿ, ಅಂದರೆ ತಾರೀಖಪ್ಪನ ಅತ್ತೆ, ಎಪ್ಪತ್ತೆಂಟರ ಜೀವ, ಕಿಟಕಿಯ ಪಕ್ಕ ಕೂತು ಅಳಿಯನ ಅಂಗಿಗೆ ಗುಂಡಿ ಹೊಲಿಯುತ್ತಿದ್ದರು. ದಾರ ಹಲ್ಲಿನಲ್ಲಿ ಕಡಿದು ನಕ್ಕರು. "ನಂದಾ? ಶಾಲೆಗೆ ಸೇರಿಸೋವಾಗ ಮೇಷ್ಟ್ರು ಕೇಳಿದ್ರು. ನಮ್ಮಮ್ಮ ಗೊತ್ತಿಲ್ಲ ಅಂದ್ಲು. ಅವರು ಆವತ್ತಿನ ತಾರೀಖೇ ಬರ್ಕೊಂಡ್ರು. ನಂಗೊಬ್ಬಳಿಗೇ ಅಲ್ಲ ಮರಿ, ಆವತ್ತು ಸೇರಿದ ಇಪ್ಪತ್ತೊಂದು ಮಕ್ಕಳಿಗೂ ಅದೇ ತಾರೀಖು!"

"ಇಪ್ಪತ್ತೊಂದು ಜನಾನೂ ಒಂದೇ ದಿನ ಹುಟ್ಟಿದ್ರಾ?!"

"ಮೇಷ್ಟ್ರ ಪೆನ್ನಿಂದ ಹುಟ್ಟಿದ್ವಿ" ಎಂದರು ಅಜ್ಜಿ. ಆಮೇಲೆ ಗುಂಡಿಯನ್ನೇ ನೋಡುತ್ತ, ಯಾರಿಗೂ ಹೇಳದ ಹಾಗೆ ಹೇಳಿದರು: "ನಿಜವಾದದ್ದು ಒಂದಿತ್ತು. ಚಿಕ್ಕವಳಿದ್ದಾಗ ಅಮ್ಮ ಮಾಡ್ತಿದ್ಲು. ನಂಗೆ ಎಂಟು ವರ್ಷ ಆದಾಗ್ಲೇ ಅವಳು ಹೋದ್ಲು, ತಾರೀಖೂ ಅವಳ ಜೊತೆ ಹೋಯ್ತು. ಇರಲಿ ಬಿಡು. ಒಂದ್ಸಲ ಆ ದಿನ ಯಾವುದು ಅಂತ ಗೊತ್ತಾಗಿದ್ರೆ ಚೆನ್ನಾಗಿರ್ತಿತ್ತು."

ಸೂಜಿ ಮತ್ತೆ ಓಡಿತು. ಆದರೆ ಆ 'ಚೆನ್ನಾಗಿರ್ತಿತ್ತು' ಇದೆಯಲ್ಲ, ಅದು ತಾರೀಖಪ್ಪನ ಎದೆಗೇ ನೆಟ್ಟಿತು. ಹತ್ತೊಂಬತ್ತು ವರ್ಷ ಕಂಡಕಂಡ ರಾಜರ ಹುಟ್ಟಿದ ದಿನ ಬರೆದಿದ್ದೇನೆ, ನನ್ನ ಅಂಗಿಯ ಗುಂಡಿ ಹೊಲಿಯುವ ಜೀವಕ್ಕೆ ಒಂದು ತಾರೀಖು ಕೊಡಲಿಲ್ಲವಲ್ಲ! ಅದಕ್ಕೇ ಮೇಜಿಗೆ ಗುದ್ದು, ಚಾರ್ಟಿಗೆ ಪ್ರವಾಹ.

"ಅತ್ತೆ, ಆ ದಿನ ಊರಲ್ಲಿ ಬೇರೇನಾದ್ರೂ ನಡೀತಾ? ಒಂದೇ ಒಂದು ಸುಳಿವು ಕೊಡಿ ಸಾಕು!"

"ಯಾಕಿಲ್ಲ? ನನ್ನ ಹುಟ್ಟಿದಬ್ಬದ ದಿನಾನೇ ಹೊಳೆ ಸೇತುವೆ ಶುರುವಾಗಿದ್ದು. ಅಮ್ಮ ಕೆಂಪು ಟೇಪು ಕಟ್ಟಿ ಕರ್ಕೊಂಡು ಹೋಗಿದ್ಲು. ಆಮೇಲೆ ಅದೇ ದಿನ..."

"ಸಾಕು! ಸಾಕು! ಸೇತುವೆ ಸಾಕು!" ತಾರೀಖಪ್ಪ ಆಗಲೇ ಚಪ್ಪಲಿ ಹಾಕಿಕೊಂಡಿದ್ದ.

"ಅವರು ಮಾತು ಮುಗಿಸಲಿ ಕಣ್ರೀ!" ಎಂದು ಹೆಂಡತಿ ಕೂಗಿದ್ದು ಬಾಗಿಲಿಗೆ ಕೇಳಿತು, ಅವನಿಗೆ ಕೇಳಲಿಲ್ಲ.

ಪತ್ರಿಕೆಯ ಹಳೇ ಸಂಚಿಕೆಗಳ ಕೋಣೆ ಕಚೇರಿಯ ಹಿಂಭಾಗದಲ್ಲಿದೆ. ವರ್ಷಕ್ಕೊಂದರಂತೆ ಬೈಂಡು ಮಾಡಿಟ್ಟ ಸಂಪುಟಗಳು, ಒಂದೊಂದೂ ಒಂದು ಮಗುವಿನ ತೂಕ. ಏಣಿ ಹತ್ತಿ ಎಳೆದರೆ ಮೊದಲು ಧೂಳು ಬರುತ್ತದೆ, ಆಮೇಲೆ ಸೀನು ಬರುತ್ತದೆ, ಇತಿಹಾಸ ಬರುವುದು ಕಟ್ಟಕಡೆಗೆ. ತಾರೀಖಪ್ಪ ನಲವತ್ತೆರಡು ಸೀನು ಸೀನಿ ಸೇತುವೆಯನ್ನು ಹಿಡಿದೇಬಿಟ್ಟ. ಅಕ್ಟೋಬರ್ ಒಂಬತ್ತು! ಮುಖಪುಟದಲ್ಲೇ ಚಿತ್ರ. ಬ್ಯಾಂಡು, ಬಾವುಟ, ರಿಬ್ಬನ್ ಕತ್ತರಿಸುವ ದಪ್ಪ ಮೀಸೆಯ ಗಣ್ಯರು, ಸುತ್ತ ಜನಜಾತ್ರೆ.

ಎಂಟು ದಿನ ಕೇಳಿದ್ದವನು ಎರಡೇ ದಿನಕ್ಕೆ ಮುಗಿಸಿದ್ದ. ಅಂಥವನು ಸುಮ್ಮನಿರುತ್ತಾನೆಯೇ? ಒಂಬತ್ತನೇ ತಾರೀಖಿನ ಬಾಕ್ಸಿನಲ್ಲಿ ರಾಜರು, ಯುದ್ಧಗಳು ಎಲ್ಲ ಮುಗಿದ ಮೇಲೆ ಕೊನೆಯ ಸಾಲೊಂದು ಸೇರಿಸಿದ: 'ನಗರದ ಹೊಳೆ ಸೇತುವೆ ಸಂಚಾರಕ್ಕೆ ತೆರೆದದ್ದು ಇದೇ ದಿನ. ಗುಂಡಿ ಹೊಲಿಯುವುದರಲ್ಲಿ ಸಾಟಿಯಿಲ್ಲದ ಹಿರಿಯ ಮಹಿಳೆಯೊಬ್ಬರು ನಗರದಲ್ಲಿ ಜನಿಸಿದ್ದೂ ಇದೇ ದಿನ.'

ಬೇಕರಿಯವನಿಂದ ಕೇಕು ಬಂತು. ಅತ್ತೆ ಆ ತುಣುಕನ್ನು ಪತ್ರಿಕೆಯಿಂದ ಕತ್ತರಿಸಿ, ಮೂರು ಸಲ ಓದಿ, ಮಡಿಸಿ ದಿಂಬಿನ ಕೆಳಗಿಟ್ಟರು. ಕಣ್ಣು ಒದ್ದೆಯಾಗಿತ್ತು. "ಪೇಪರ್ನಲ್ಲಿ ಬಂತು ಅಂದ್ರೆ ಇನ್ನು ಯಾರೂ ಅಲ್ಲಗಳೆಯೋ ಹಾಗಿಲ್ಲ ಅಲ್ವಾ ಅಳಿಯಂದ್ರೆ?"

"ಕಲ್ಲಲ್ಲಿ ಕೆತ್ತಿದ ಹಾಗೆ!" ಎಂದ ತಾರೀಖಪ್ಪ.

ಅತ್ತೆ ಕೇಕಿಗೆ ಚಾಕು ಇಟ್ಟು, ಸಂತೋಷದಿಂದ ನಿಟ್ಟುಸಿರು ಬಿಟ್ಟರು. "ಆವತ್ತೇ ನೋಡಿ, ಮಾರ್ಕೆಟ್ ಗೋಪುರದ ಗಡಿಯಾರ ಮೊದಲ್ನೇ ಸಲ ಗಂಟೆ ಹೊಡೆದದ್ದು. ಸೇತುವೆ ಆಗಿ ಎರಡು ವರ್ಷಕ್ಕೆ ಇರಬೇಕು. ಅದೇ ನನ್ನ ಹುಟ್ಟಿದಬ್ಬದ ದಿನ. ಅಮ್ಮನ ಹೆಗಲ ಮೇಲೆ ಕೂತು ಹನ್ನೆರಡೂ ಎಣಿಸಿದ್ದೆ."

ತಾರೀಖಪ್ಪನ ಬಾಯಲ್ಲಿದ್ದ ಕೇಕು ಅಲ್ಲೇ ನಿಂತಿತು. ಯಾಕೆಂದರೆ ಗೋಪುರದ ಗಡಿಯಾರ ಅವನ ಬಾಕ್ಸಿನ ಹಳೇ ಗಿರಾಕಿ. ಪ್ರತಿವರ್ಷ ಅದನ್ನು ಹಾಕುವುದು ಅಕ್ಟೋಬರ್ ಹದಿನೇಳಕ್ಕೆ!

"ಏನಾಯ್ತು ರೀ? ಗಂಟಲಿಗೆ ಸಿಕ್ಕಿತಾ?" ಹೆಂಡತಿ ಬೆನ್ನು ತಟ್ಟಿದಳು.

"ಗಡಿಯಾರ ಸಿಕ್ಕಿತು" ಎಂದ ತಾರೀಖಪ್ಪ ಕೀರಲು ಧ್ವನಿಯಲ್ಲಿ.

ಗಂಟೆ ಎಣಿಸಿದ ನೆನಪು ಅತ್ತೆಗೆ ಅಷ್ಟು ಸ್ಪಷ್ಟ. ಹಾಗಾದರೆ ಸೇತುವೆಯ ವಿಷಯವೇ ಮಸುಕಾಗಿ ಕಲಸಿಹೋಗಿರಬೇಕು ಎಂದು ಅವನು ತೀರ್ಪು ಕೊಟ್ಟುಕೊಂಡ. ಅತ್ತೆಯನ್ನು ಇನ್ನೊಂದು ಮಾತು ಕೇಳೋಣ ಎಂದು ಹೊಳೆಯಲೂ ಇಲ್ಲ!

ಆ ಪತ್ರಿಕೆಯಲ್ಲಿ ಒಂದು ಕಟ್ಟುನಿಟ್ಟು. ತಪ್ಪು ಎಲ್ಲಿ, ಎಷ್ಟು ದಪ್ಪ ಅಕ್ಷರದಲ್ಲಿ ಬಂದಿತ್ತೋ, ತಿದ್ದುಪಡಿಯೂ ಅಲ್ಲೇ, ಅಷ್ಟೇ ದಪ್ಪಕ್ಕೆ ಬರಬೇಕು. ಸಂಪಾದಕರು ಈ ವಿಷಯದಲ್ಲಿ ಸ್ವಂತ ಮದುವೆ ಕಾಗದದ ಅಚ್ಚಿನ ತಪ್ಪಿಗೂ ತಿದ್ದುಪಡಿ ಹಂಚಿದ ಮನುಷ್ಯ! ಹಾಗಾಗಿ ಹದಿನೇಳನೇ ತಾರೀಖು ಓದುಗರು ಕಂಡದ್ದು ಇದು: 'ತಿದ್ದುಪಡಿ. ಒಂಬತ್ತರಂದು ಜನಿಸಿದ್ದ ಹಿರಿಯ ಮಹಿಳೆ ಅಂದು ಜನಿಸಿರುವುದಿಲ್ಲ. ಇಂದು ಜನಿಸಿದ್ದಾರೆ ಎಂದು ಓದಿಕೊಳ್ಳತಕ್ಕದ್ದು.'

ಬೇಕರಿಯವನು ಕೆನೆಯ ಕೊಳವೆ ಹಿಡಿದು ಕೇಳಿದ: "ಮತ್ತೆ ಅಜ್ಜಿಗೇನಾ ಸಾರ್? ಎಪ್ಪತ್ತೆಂಟು ಅಂತಾನೇ ಬರೀಲಾ, ಎಪ್ಪತ್ತೊಂಬತ್ತು ಮಾಡ್ಲಾ?"

"ಬಾಯಿ ಮುಚ್ಕೊಂಡು ಬರಿ ಮಾರಾಯ!"

ಎರಡನೇ ಕೇಕಿಗೆ ಅಕ್ಕಪಕ್ಕದವರೂ ಬಂದರು. ಅತ್ತೆ ಎರಡನೇ ತುಣುಕನ್ನೂ ಕತ್ತರಿಸಿ ದಿಂಬಿನಡಿ ಇಟ್ಟರು. "ಗಡಿಯಾರದ ದಿನ ಅಂದ್ರೆ ಇನ್ನೂ ಒಳ್ಳೇದೇ" ಎಂದರು. "ಅಂತೂ ಮೊದಲ್ನೇ ರೈಲು ಬಂದ ದಿನಾನೂ ಗೊತ್ತಾದ ಹಾಗಾಯ್ತು. ಅದೂ ನನ್ನ ಹುಟ್ಟಿದಬ್ಬಾನೇ. ಇಂಜಿನ್ ಡ್ರೈವರು ನಂಗೋಸ್ಕರ ಸೀಟಿ ಹಾಕಿದ್ದ."

ಕೋಣೆಯಲ್ಲಿ ಎಲ್ಲರೂ ನಕ್ಕರು. ತಾರೀಖಪ್ಪ ಮಾತ್ರ ಸದ್ದಿಲ್ಲದೆ ಎದ್ದು ಚಪ್ಪಲಿ ಹುಡುಕಿದ. ಏಣಿ, ಧೂಳು, ಸೀನು. ಮೊದಲ ರೈಲು: ಅಕ್ಟೋಬರ್ ಇಪ್ಪತ್ತೊಂಬತ್ತು.

ಮಾರನೇ ದಿನ ಸಂಪಾದಕರು ಕರೆದರು. ಮೇಜಿನ ಮೇಲೆ ಓದುಗರ ಕಾಗದಗಳ ರಾಶಿ.

"ಏನ್ರೀ ಇದು? ಒಬ್ಬರು ಕೇಳ್ತಾರೆ, ಆ ಮಹಾತಾಯಿಯ ದರ್ಶನ ಎಷ್ಟು ಗಂಟೆಗೆ ಅಂತ. ಇನ್ನೊಬ್ಬರು, ನಮ್ಮ ಮನೆಯವಳು ಒಂದೇ ಸಲ ಹುಟ್ಟಿರೋದಕ್ಕೇ ನಂಗೆ ಇಷ್ಟು ಕಷ್ಟ, ಎರಡು ಸಲ ಹುಟ್ಟಿದೋರನ್ನ ಹೇಗೆ ಸಂಭಾಳಿಸ್ತೀರಿ ಅಂತ! ಯಾರ್ರೀ ಇವರು?"

"ನಮ್ಮ ಅತ್ತೆ ಸಾರ್. ಸರಿಯಾದ ತಾರೀಖು ಇಪ್ಪತ್ತೊಂಬತ್ತು ಅಂತ ನಿನ್ನೆ ಗೊತ್ತಾಯ್ತು."

ಸಂಪಾದಕರು ಕನ್ನಡಕದ ಗಾಜು ಒರೆಸಿದರು. "ಪತ್ರಿಕೆಯಲ್ಲಿ ಹುಟ್ಟಿಸಿದ ಮೇಲೆ ಸರಿಯಾಗಿ ಹುಟ್ಟಿಸಬೇಕು. ಇಪ್ಪತ್ತೊಂಬತ್ತಕ್ಕೆ ಕೊನೇ ತಿದ್ದುಪಡಿ. ಅದಾದ ಮೇಲೆ ಇನ್ನೊಂದು ತಿದ್ದುಪಡಿ ಬಂತೋ, ನಿಮ್ಮ ಬಾಕ್ಸು ಎತ್ತಿ ಅಲ್ಲಿ ಪದಬಂಧ ಹಾಕ್ತೀನಿ!"

ಪದಬಂಧ! ತಾರೀಖಪ್ಪ ಇಪ್ಪತ್ತೊಂಬತ್ತನ್ನು ಇನ್ನೊಮ್ಮೆ ತಾಳೆ ನೋಡಲು ಏಣಿಯ ಕಡೆ ಓಡಿದ.

ಇಪ್ಪತ್ತೊಂಬತ್ತನೇ ತಾರೀಖು ಅತ್ತೆ ಮೂರನೇ ಸಲ ಹುಟ್ಟಿದರು. ಮೂರನೇ ಕೇಕು ಬಂತು. ಬೇಕರಿಯವನು ಈ ಸಲ ಏನೂ ಕೇಳಲಿಲ್ಲ, 'ಅಜ್ಜಿಗೆ' ಅಂತ ಬರೆದು ಡಬ್ಬಿ ಕಟ್ಟಿಟ್ಟೇ ಕಾಯುತ್ತಿದ್ದ. ಸಂಜೆ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ತಾರೀಖಪ್ಪ ಮೂರೂ ಬೈಂಡುಗಳನ್ನು ಕಚೇರಿಯಿಂದ ರಿಕ್ಷಾದಲ್ಲಿ ಹೇರಿಸಿಕೊಂಡು ತಂದು ಕೇಕಿನ ಸುತ್ತ ಪೇರಿಸಿದ್ದ. ಈ ಸಲ ಯಾವ ತಪ್ಪಿಗೂ ಎಡೆಯಿಲ್ಲ!

"ಅತ್ತೆ, ಚಾಕು ಮುಟ್ಟಬೇಡಿ. ಮೊದಲು ಹೇಳಿ. ಸೇತುವೆ ಆಯ್ತು, ಗಡಿಯಾರ ಆಯ್ತು, ರೈಲು ಆಯ್ತು. ಇನ್ನೇನಾದ್ರೂ ಬಾಕಿ ಇದೆಯಾ?"

"ಇದೆಯಲ್ಲ!" ಅತ್ತೆಯ ಮುಖ ಅರಳಿತು. "ನೀರಿನ ಟ್ಯಾಂಕು. ಆಸ್ಪತ್ರೆ ಕಟ್ಟಡ. ಎಲ್ಲಾ ನನ್ನ ಹುಟ್ಟಿದಬ್ಬದ ದಿನಾನೇ ಶುರುವಾಗಿದ್ದು. ಒಂದೊಂದು ವರ್ಷ ಒಂದೊಂದು."

ತಾರೀಖಪ್ಪನ ತಾಳ್ಮೆಯ ಕಟ್ಟೆ ಒಡೆಯಿತು. "ಹೇಗೆ ಸಾಧ್ಯ ಅತ್ತೆ? ಇಲ್ನೋಡಿ! ಒಂಬತ್ತು! ಹದಿನೇಳು! ಇಪ್ಪತ್ತೊಂಬತ್ತು! ಅಚ್ಚಾಗಿದೆ! ಒಬ್ಬರಿಗೆ ಒಂದು ತಿಂಗಳಲ್ಲಿ ಮೂರು ಹುಟ್ಟಿದಬ್ಬ ಬರುತ್ತಾ? ಯಾವುದೋ ಎರಡು ಸುಳ್ಳು. ಯಾವುದು ಸುಳ್ಳು ಹೇಳಿ!"

'ಸುಳ್ಳು' ಅನ್ನುವ ಪದ ಕೋಣೆಯಲ್ಲಿ ಜೋರಾಗಿಯೇ ಬಿತ್ತು.

ಅತ್ತೆ ಮೂರು ಬೈಂಡುಗಳನ್ನೂ ನೋಡಿದರು. ಒಂದರಿಂದ ಇನ್ನೊಂದಕ್ಕೆ ಕಣ್ಣು ಹೋಯಿತು. ಎಪ್ಪತ್ತೆಂಟು ವರ್ಷದ ಮುಖ ನೋಡನೋಡುತ್ತ ನಾಲ್ಕು ವರ್ಷದ್ದಾಯಿತು. ಜಾತ್ರೆಯಲ್ಲಿ ಕೈ ತಪ್ಪಿದ ಮಗುವಿನದು.

"ಹಾಗಾದ್ರೆ ಯಾವುದೂ ಅಲ್ಲ" ಎಂದರು ಮೆಲ್ಲಗೆ.

"ರೀ!" ಹೆಂಡತಿ ಬರೀ ಅಷ್ಟೇ ಹೇಳಿದಳು. ಹತ್ತೊಂಬತ್ತು ವರ್ಷದ ಬಾಕ್ಸುಗಳನ್ನೆಲ್ಲ ಹರಿದು ಹಾಕಲು ಆ ಒಂದಕ್ಷರ ಸಾಕಿತ್ತು. ತಾರೀಖಪ್ಪ ನಿಂತಲ್ಲೇ ಒಂದು ಗೇಣು ಕುಗ್ಗಿದ. ಒಂದು ದಿನ ಕೊಡುತ್ತೇನೆ ಎಂದು ಎದೆ ತಟ್ಟಿಕೊಂಡು ಹೋದವನು, ಇದ್ದ ದಿನಗಳನ್ನೂ ಕಿತ್ತುಕೊಂಡಿದ್ದ.

ಮಗಳು ಮಾತ್ರ ಬೈಂಡಿನ ಚಿತ್ರಗಳ ಮೇಲೆ ಬಗ್ಗಿ ಕೂತಿದ್ದಳು. "ಅಜ್ಜೀ, ಇಲ್ಲೂ ಬ್ಯಾಂಡಿದೆ. ಇಲ್ಲೂ ಇದೆ. ರೈಲಿನ ಹತ್ರಾನೂ ಇದೆ. ನಿನ್ನ ಎಲ್ಲಾ ಹುಟ್ಟಿದಬ್ಬಕ್ಕೂ ಬ್ಯಾಂಡ್ ಬರ್ತಿತ್ತಾ?"

"ಬರ್ತಿತ್ತು ಮರಿ. ಬಾವುಟಾನೂ ಇರ್ತಿತ್ತು. ಮಕ್ಕಳಿಗೆಲ್ಲ ಪೆಪ್ಪರಮಿಂಟು ಹಂಚೋರು." ಅತ್ತೆಯ ಕೈ ಚಿತ್ರದ ಮೇಲೆ ನಿಂತಿತು. "ಅಮ್ಮ ಮೂರು ಮನೆ ಬಟ್ಟೆ ಒಗೀತಿದ್ಲು. ನಾನು ಮಳೆಗಾಲ ಮುಗಿಯೋ ಹೊತ್ತಿಗೆ ಹುಟ್ಟಿದ್ದು ಅಂತಷ್ಟೇ ಅವಳಿಗೆ ಗೊತ್ತಿತ್ತು. ಒಗೆಯೋ ಮನೆ ಮಗುವಿಗೆ ಹುಟ್ಟಿದಬ್ಬ ಆದಾಗೆಲ್ಲ ನಾನು ಬಂದು ಅಳ್ತಿದ್ದೆ, ನಂದು ಯಾವತ್ತು ಅಂತ. ಅಮ್ಮ 'ತಡಿ, ಬರ್ತಾ ಇದೆ' ಅನ್ನೋಳು. ಆಮೇಲೆ ಒಂದು ದಿನ ಬೆಳಿಗ್ಗೆ ಇದ್ದಕ್ಕಿದ್ದ ಹಾಗೆ ತಲೆ ಬಾಚಿ, ಟೇಪು ಕಟ್ಟಿ, 'ಏಳು ಏಳು, ಇವತ್ತೇ! ನೋಡು, ನಿನಗೋಸ್ಕರ ಊರಿಗೆ ಊರೇ ಸೇರಿದೆ' ಅಂತ ಎತ್ಕೊಂಡು ಹೋಗೋಳು."

ಅತ್ತೆ ತಟ್ಟನೆ ನಿಲ್ಲಿಸಿದರು. ಎಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದ ಕಥೆ ಆ ಕ್ಷಣದಲ್ಲಿ ಅವರಿಗೇ ಅರ್ಥವಾದ ಹಾಗಿತ್ತು.

"ಅಯ್ಯೋ ಕಳ್ಳಿ!" ಎಂದರು ಅತ್ತೆ. ಒಂದು ಕಣ್ಣಲ್ಲಿ ನೀರು, ಇನ್ನೊಂದರಲ್ಲಿ ನಗು. "ಎಲ್ಲಿ ಬ್ಯಾಂಡ್ ಬರುತ್ತೆ ಅಂತ ಕಾದಿದ್ದು ಕರ್ಕೊಂಡು ಹೋಗ್ತಿದ್ಲು! ಸೇತುವೆ ಕಟ್ಟಿದ್ದು ನಂಗೇ ಅಂದ್ಕೊಂಡಿದ್ನಲ್ಲೇ ನಾನು! ದಪ್ಪ ಮೀಸೆಯೋನಿಗೆ ಥ್ಯಾಂಕ್ಸ್ ಬೇರೆ ಹೇಳಿ ಬಂದಿದ್ದೆ!"

ಮಗಳು ಬಿದ್ದು ಬಿದ್ದು ನಕ್ಕಳು. ಹೆಂಡತಿ ಅಮ್ಮನ ಹೆಗಲ ಮೇಲೆ ತಲೆಯಿಟ್ಟು ನಗುತ್ತಿದ್ದಳೋ ಅಳುತ್ತಿದ್ದಳೋ ಹೇಳುವುದು ಕಷ್ಟ. ತಾರೀಖಪ್ಪ ನಗಲೂ ಇಲ್ಲ, ಅಳಲೂ ಇಲ್ಲ. ಬೈಂಡುಗಳನ್ನು ಒಂದೊಂದಾಗಿ ಮುಚ್ಚಿದ.

ಅತ್ತೆ ದಿಂಬಿನಡಿಯಿಂದ ಎರಡು ತುಣುಕು ತಂದು, ಆವತ್ತಿನ ಮೂರನೆಯದನ್ನೂ ಸೇರಿಸಿ ಅಳಿಯನ ಮುಂದಿಟ್ಟರು. "ಇದರಲ್ಲಿ ಯಾವುದನ್ನ ಇಟ್ಕೊಳ್ಳಲಿ ಅಳಿಯಂದ್ರೆ? ನೀವು ಹೇಳಿದ್ದೇ ಸರಿ."

ಇಪ್ಪತ್ತೊಂಬತ್ತು ಎಂದುಬಿಟ್ಟರೆ ಎಲ್ಲ ಮುಗಿಯುತ್ತಿತ್ತು. ಬಾಕ್ಸು ಉಳಿಯುತ್ತಿತ್ತು, ಸಂಪಾದಕರು ಉಳಿಯುತ್ತಿದ್ದರು, ಮಾನ ಉಳಿಯುತ್ತಿತ್ತು. ತಾರೀಖಪ್ಪ ಮೂರು ತುಣುಕುಗಳನ್ನೂ ಕೈಯಲ್ಲಿ ಹಿಡಿದು ನೋಡಿದ. ಆಮೇಲೆ ಅವನ್ನು ಹುಷಾರಾಗಿ ಮಡಿಸಿ ಅತ್ತೆಯ ಕೈಗೇ ಕೊಟ್ಟು, "ನಾಳೆ ಹೇಳ್ತೀನಿ ಅತ್ತೆ" ಎಂದ.

ಮರುದಿನ ಮಧ್ಯಾಹ್ನ ಸಂಪಾದಕರ ಮೇಜಿನ ಮೇಲೆ ಒಂದು ಚೀಟಿ ಇಟ್ಟು, ಶಿಕ್ಷೆಗೆ ನಿಂತ ಹುಡುಗನಂತೆ ಕೈಕಟ್ಟಿ ನಿಂತ. ಸಂಪಾದಕರು ಓದಿದರು:

'ತಿದ್ದುಪಡಿ. ಈ ತಿಂಗಳು ಮೂರು ಸಲ ಜನಿಸಿದ ಹಿರಿಯ ಮಹಿಳೆಯ ಜನ್ಮದಿನ ಈ ಅಂಕಣದವನಿಗೆ ಗೊತ್ತಿಲ್ಲ. ಅದನ್ನು ಗೊತ್ತುಮಾಡುತ್ತಿದ್ದವರು ಅವರ ತಾಯಿ ಒಬ್ಬರೇ. ಊರಿಗೆ ಒಳ್ಳೆಯದಾದ ದಿನವೇ ಮಗಳು ಹುಟ್ಟಿದ ದಿನ ಎಂದು ಅವರು ಲೆಕ್ಕ ಹಾಕಿದ್ದರು. ಇನ್ನು ಮುಂದೆ ಓದುಗರೂ ಹಾಗೆಯೇ ಓದಿಕೊಳ್ಳತಕ್ಕದ್ದು. ಹಿಂದಿನ ಮೂರು ತಾರೀಖುಗಳೂ ಸರಿಯಾಗಿವೆ.'

ಸಂಪಾದಕರು ಎರಡನೇ ಸಲ ಓದಿದರು. ಕೆಂಪು ಪೆನ್ನು ತೆಗೆದರು. ತಾರೀಖಪ್ಪ ಕಣ್ಣು ಮುಚ್ಚಿಕೊಂಡ. ಪೆನ್ನಿನ ಮುಚ್ಚಳ ಮತ್ತೆ ಹಾಕಿದ ಸದ್ದಾಯಿತು.

"ಪದಬಂಧಕ್ಕೆ ಬೇರೆ ಜಾಗ ನೋಡ್ತೀನಿ, ಹೋಗ್ರೀ" ಎಂದು ಅವರು ಕಿಟಕಿ ಕಡೆ ತಿರುಗಿ ಕೂತರು.

ಮಾರನೇ ಬೆಳಿಗ್ಗೆ ಪತ್ರಿಕೆ ಬಾಗಿಲಿಗೆ ಬಿದ್ದಾಗ ಮನೆಯಲ್ಲಿ ಯಾರೂ ಇನ್ನೂ ಕಾಫಿ ಕುಡಿದಿರಲಿಲ್ಲ. ಅತ್ತೆ ಕನ್ನಡಕ ಏರಿಸಿ ಎರಡನೇ ಪುಟದ ಎಡಮೂಲೆಯನ್ನು ಗಟ್ಟಿಯಾಗಿ ಓದಿದರು. ಓದಿ ಮುಗಿಸಿ, ಮತ್ತೆ ಮೊದಲ ಸಾಲಿಗೇ ಹೋದರು. 'ಗೊತ್ತಿಲ್ಲ' ಅನ್ನುವಲ್ಲಿ ಬೆರಳಿಟ್ಟರು.

"ಲೇ, ಇಲ್ಲಿ ಬಾರೇ" ಎಂದು ತಮ್ಮ ಮಗಳನ್ನು ಕರೆದರು. "ನಿನ್ನ ಗಂಡ ಈ ಮಾತು ಯಾವತ್ತಾದ್ರೂ ಆಡಿದ್ದು ಕೇಳಿದ್ಯಾ?"

ಹೆಂಡತಿ ಬಗ್ಗಿ ನೋಡಿದಳು. ಕಣ್ಣು ದೊಡ್ಡದಾಯಿತು. "ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಒಂದ್ಸಲಾನೂ ಇಲ್ಲ ಅಮ್ಮ! ದಾರಿ ತಪ್ಪಿ ಬೇರೆ ಊರಿಗೇ ಹೋದಾಗ್ಲೂ ಗೊತ್ತಿದೆ ಅಂದೋರು ಇವರು!"

"ಹಾಗಾದ್ರೆ ಇದು ಸೇತುವೆಗಿಂತ ದೊಡ್ಡದಾಯ್ತು" ಎಂದು ಅತ್ತೆ ಪತ್ರಿಕೆ ಮಡಿಸಿ, ಅಳಿಯನ ಕಡೆ ತಿರುಗಿದರು. "ಊರಿಗೆ ಒಳ್ಳೇದಾಗಲಿ ಬಿಡಲಿ, ಮನೆಗಂತೂ ಆಯ್ತು. ಇವತ್ತು ನನ್ನ ಹುಟ್ಟಿದಬ್ಬ ಅಳಿಯಂದ್ರೆ. ಹೊರಡಿ, ಕೇಕ್ ತನ್ನಿ!"